ಸಂವಿಧಾನವನ್ನೂ ಸ್ಥಾವರ ಮಾಡಿದೆವು



2024ರ ನವೆಂಬರ್ 26, ಸಂವಿಧಾನ ದಿನದಂದು ನಾನು ಒಂದು ಮಗುವಿನ ಐದು ಅಂಕ ಕಿತ್ತುಕೊಂಡೆ. ಅದನ್ನು ಬರೆಯಬೇಕೆಂದು ಒಂದು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಬರೆದರೆ ನಮ್ಮವರಿಗೇ ನೋವಾದೀತೆಂದು ಮುಂದೂಡುತ್ತಾ ಬಂದೆ. ಮೊದಲ ಏಟು ನನ್ನ ಬೆನ್ನಿಗೇ ಬೀಳುವುದರಿಂದ ಯಾರೂ ಮುನಿಸಿಕೊಳ್ಳಬಾರದು.

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಮನೆ ಹಲಸೂರಿನಲ್ಲಿ. ನಿವೃತ್ತ ಮೇಷ್ಟ್ರಿಗೆ ತೀರ್ಪುಗಾರನ ಕುರ್ಚಿ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ತಪ್ಪಿದ್ದಲ್ಲ. ನಮ್ಮ ಸಮಾಜದವರೇ ನಡೆಸುವ ಒಂದು ವಿದ್ಯಾಸಂಸ್ಥೆ ಆ ದಿನ ಅಂತರಶಾಲಾ ಸ್ಪರ್ಧೆ ಇಟ್ಟಿತ್ತು. ಬೆಳಿಗ್ಗೆ ಸಂವಿಧಾನದ ಪೀಠಿಕೆಯ ಕಂಠಪಾಠ. ಮಧ್ಯಾಹ್ನ 'ಸಾರ್ವಜನಿಕ ನೀತಿ ಮಂಡನೆ'. ಮಕ್ಕಳು ಊರಿನ ಒಂದು ಸಮಸ್ಯೆ ಹಿಡಿದು, ಸರ್ಕಾರ ಏನು ಮಾಡಬೇಕೆಂದು ಎಂಟು ನಿಮಿಷದಲ್ಲಿ ಹೇಳಬೇಕು. ಕೊಟ್ಟ ವಿಷಯ: ರಸೆಲ್ ಮಾರುಕಟ್ಟೆ ಸುತ್ತಲಿನ ದಟ್ಟಣೆ, ಪರಿಹಾರವೇನು?

ಗೆದ್ದ ತಂಡದ ಮಕ್ಕಳು ಇಸ್ತ್ರಿ ಮಾಡಿದ ಬ್ಲೇಜರ್ ತೊಟ್ಟು ಬಂದಿದ್ದರು. ಪರದೆಯ ಮೇಲೆ ಬಣ್ಣದ ಚಿತ್ರ, ಬಾಣದ ಗುರುತು, ಸಿಂಗಾಪುರದ ಫೋಟೋ. ಅವರ ಪರಿಹಾರ ಸರಳ: ಬೀದಿ ವ್ಯಾಪಾರಿಗಳನ್ನು ಒಂದು ವಾರದೊಳಗೆ ತೆರವು ಮಾಡುವುದು, ಮುಂದೆಂದಾದರೂ ಒಂದು ಬಹುಮಹಡಿ ಕಟ್ಟಡ ಕಟ್ಟಿ ಕೊಡುವುದು. ಮಾತು ನೀರು ಹರಿದ ಹಾಗೆ. ನಾವು ಮೂವರು ತೀರ್ಪುಗಾರರೂ ತಲೆದೂಗಿದೆವು.

ಮೂರನೆಯದಾಗಿ ಬಂದದ್ದು ಒಂದು ಅನುದಾನಿತ ಕನ್ನಡ ಶಾಲೆಯ ತಂಡ. ಎಂಟನೇ ತರಗತಿಯ ಒಬ್ಬ ಹುಡುಗಿ ಮಾತಾಡುತ್ತಾ ಮಾತಾಡುತ್ತಾ ಕೈಯಲ್ಲಿದ್ದ ಚೀಟಿ ಮಡಿಸಿಟ್ಟಳು. "ನಮ್ಮಮ್ಮ ಅಲ್ಲೇ ಹೂವು ಮಾರ್ತಾರೆ ಸರ್. ಎಬ್ಬಿಸಿದ ಮೇಲೆ ಎಲ್ಲಿ ಕೂರಬೇಕು ಅಂತ ಯಾವ ಪುಸ್ತಕದಲ್ಲಿ ಬರೆದಿದೆ? ಬರೆದಿರಬೇಕು ಅಲ್ವಾ?" ಎಂದು ನಮ್ಮನ್ನೇ ಕೇಳಿದಳು. ಸಭೆಯಲ್ಲಿ ಯಾರೋ ನಕ್ಕರು. ಅವಳ ಗಂಟಲು ಕಟ್ಟಿತು. ಸಮಯ ಮುಗಿದ ಗಂಟೆ ಹೊಡೆಯಿತು.

ನಾನು ನನ್ನ ಹಾಳೆಯಲ್ಲಿ ಬರೆದೆ: 'ವೈಯಕ್ತಿಕ ವಿಷಯ ಪ್ರಸ್ತಾಪ, ವಿಷಯಾಂತರ. ಐದು ಅಂಕ ಕಡಿತ.'

ಅಂದು ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಬಂತು. ಹದಿನೈದು ದಿನ ಬಿಟ್ಟು, ಬೇರೇನೋ ಹುಡುಕುತ್ತಿದ್ದಾಗ, ಆ ಹುಡುಗಿ ಕೇಳಿದ ಪುಸ್ತಕ ಕೈಗೆ ಸಿಕ್ಕಿತು. ಬರೆದಿದೆ. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆಂದೇ ಒಂದು ಕಾಯ್ದೆ ಮಾಡಿದೆ. ಅದರ ಮೂರನೆಯ ಪ್ರಕರಣದ ಪ್ರಕಾರ ಇರುವ ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಸ್ಥಳಾಂತರ ಮಾಡಬೇಕಾದರೆ ಮೂವತ್ತು ದಿನದ ನೋಟಿಸು ಬೇಕು. ಊರಿನ ವ್ಯಾಪಾರ ಹೇಗಿರಬೇಕೆಂದು ಸಲಹೆ ಕೊಡಲು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಆ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಜನ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. ಅದಕ್ಕೂ ಬಹಳ ಹಿಂದೆ, 1989ರ ಸೋದನ್ ಸಿಂಗ್ ಪ್ರಕರಣದಲ್ಲಿ, ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದ 19ನೇ ವಿಧಿಯ ವೃತ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ, ನ್ಯಾಯವಾದ ನಿರ್ಬಂಧ ಹಾಕಬಹುದು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಬದುಕುವ ಹಕ್ಕಿನಲ್ಲಿ ಬದುಕಿನ ದಾರಿಯೂ ಸೇರಿದೆ ಎಂದು 1985ರಲ್ಲೇ ಮುಂಬೈ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ ಹೇಳಿಯಾಗಿತ್ತು.

ಅಂದರೆ ಸಂವಿಧಾನ ದಿನದಂದು, ಸಂವಿಧಾನದ ಹೆಸರಿನ ಸ್ಪರ್ಧೆಯಲ್ಲಿ, ದೇಶದ ಕಾನೂನಿಗೆ ವಿರುದ್ಧವಾದ ಮಂಡನೆಗೆ ನಾವು ಪ್ರಥಮ ಬಹುಮಾನ ಕೊಟ್ಟೆವು. ಕಾನೂನಿನ ಸರಿಯಾದ ಪ್ರಶ್ನೆ ಕೇಳಿದ ಒಂದೇ ಮಗುವಿಗೆ ವಿಷಯಾಂತರ ಎಂದು ಷರಾ ಬರೆದೆವು. ಬ್ಲೇಜರ್ ಹಾಕಿದ ಮಕ್ಕಳದ್ದು ತಪ್ಪಿಲ್ಲ. ಅವರಿಗೆ ಅಂತರ್ಜಾಲ ಹೇಳಿದ್ದನ್ನು ಅವರು ಹೇಳಿದರು. ತಪ್ಪು ಮೂರು ಕುರ್ಚಿಗಳದ್ದು. ಅದರಲ್ಲಿ ಒಂದರ ಮೇಲೆ ವಿಭೂತಿ ಧರಿಸಿ ಕೂತವನು ನಾನು.

ಇದು ಒಂದು ದಿನದ, ಒಂದು ಸಂಸ್ಥೆಯ ಎಡವಟ್ಟಾಗಿದ್ದರೆ ನಾನು ಪತ್ರಿಕೆಯ ಪುಟ ತಿನ್ನುತ್ತಿರಲಿಲ್ಲ. ಬಸವ ಜಯಂತಿ ಬಂತೆಂದರೆ ನಮ್ಮ ಮಠಗಳಲ್ಲಿ, ಶಾಲೆಗಳಲ್ಲಿ ವಚನ ಕಂಠಪಾಠ ಸ್ಪರ್ಧೆ. ಮಗು ಕಣ್ಣು ಮುಚ್ಚಿ ಐವತ್ತು ವಚನ ಒಪ್ಪಿಸುತ್ತದೆ. ಒಂದು ಅಕ್ಷರ ತಪ್ಪಿದರೆ ಒಂದು ಅಂಕ ಹೋಯಿತು. ಅರ್ಥ ಕೇಳುವವರಿಲ್ಲ. ಕೇಳಿದರೂ ಅದಕ್ಕೊಂದು ಸಿದ್ಧ ಅರ್ಥ, ಅದನ್ನೂ ಬಾಯಿಪಾಠ ಮಾಡಿಸಿರುತ್ತಾರೆ. ಅರ್ಥವಾಗದ ಭಾಷೆಯಲ್ಲಿ ಅರ್ಥವಾಗದ್ದನ್ನು ಜಪಿಸುವುದರ ವಿರುದ್ಧ ಎದ್ದ ಶರಣರು, ಜನರಾಡುವ ಕನ್ನಡದಲ್ಲಿ ಮಾತಾಡಿದರು. ನಾವು ಎಂಟುನೂರು ವರ್ಷ ತೆಗೆದುಕೊಂಡು ಅದನ್ನೇ ಮಂತ್ರ ಮಾಡಿಕೊಂಡೆವು.

ಈಗ ಅದೇ ಅಚ್ಚಿಗೆ ಸಂವಿಧಾನವನ್ನೂ ಸುರಿಯುತ್ತಿದ್ದೇವೆ. 2023ರ ಸೆಪ್ಟೆಂಬರ್ 15ರಂದು, ಪ್ರಜಾಪ್ರಭುತ್ವ ದಿನದಂದು, ರಾಜ್ಯದ ಉದ್ದಗಲಕ್ಕೂ ಪೀಠಿಕೆ ಓದಿಸಲಾಯಿತು. 2024ರ ಜನವರಿಯಲ್ಲಿ ಬಸವಣ್ಣನವರನ್ನು ಸರ್ಕಾರ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಅದೇ ವರ್ಷ ಸಂವಿಧಾನ ಜಾಗೃತಿ ಜಾಥಾದ ಸ್ತಬ್ಧಚಿತ್ರಗಳು ಊರೂರು ಸುತ್ತಿದವು. ಇವೆಲ್ಲ ಬೇಡವಾಗಿತ್ತೆಂದು ನಾನು ಹೇಳುವುದಿಲ್ಲ. ಪೀಠಿಕೆಯ ಹೆಸರೇ ಕೇಳದ ಮನೆಗಳಿಗೆ ಅದು ತಲುಪಿತು, ಒಳ್ಳೆಯದೇ. ಆದರೆ ಓದಿಸಿದ ಮರುದಿನ ಏನು? ಗೋಡೆಗೆ ಪೀಠಿಕೆಯ ಚೌಕಟ್ಟು, ಚೌಕಟ್ಟಿಗೆ ಹಾರ, ಹಾರದ ಮುಂದೆ ಊದುಬತ್ತಿ. ಒಂದು ಶಾಲೆಯಲ್ಲಿ ನಾನೇ ಕಣ್ಣಾರೆ ಕಂಡಿದ್ದೇನೆ, ಕುಂಕುಮವನ್ನೂ ಹಚ್ಚಿದ್ದರು. ಇಷ್ಟಲಿಂಗವನ್ನು ಅಂಗೈಗೆ ಕೊಟ್ಟು, ಅಲುಗದ ಗುಡಿಯಿಂದ ನಮ್ಮನ್ನು ಬಿಡಿಸಿದ ಧರ್ಮ ನಮ್ಮದು ಎಂದು ಹೇಳಿಕೊಳ್ಳುತ್ತೇವೆ. ಸಂವಿಧಾನದ ವಿಷಯ ಬಂದಾಗ ಮಾತ್ರ ಒಂದು ಸ್ಥಾವರ ಕಟ್ಟಿ ಸುತ್ತು ಹಾಕುತ್ತೇವೆ.

ಬಾಬಾಸಾಹೇಬರು ಇದನ್ನು ಮುಂದಾಗಿಯೇ ಕಂಡಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಅವರು ಆಡಿದ ಮಾತಿನಲ್ಲಿ ಎರಡು ಎಚ್ಚರಿಕೆಗಳಿವೆ. ಮತದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಇಟ್ಟುಕೊಂಡು ಬಹಳ ದಿನ ಸಾಗಲಾಗದು ಎಂಬುದು ಒಂದು. ಇದನ್ನು ನಮ್ಮ ಭಾಷಣಕಾರರು ಹೇಳುತ್ತಾರೆ. ಇನ್ನೊಂದನ್ನು ಮಠದ ವೇದಿಕೆಗಳಲ್ಲಿ ನಾನು ಕೇಳಿಲ್ಲ. ಧರ್ಮದಲ್ಲಿ ಭಕ್ತಿ ಆತ್ಮದ ಬಿಡುಗಡೆಗೆ ದಾರಿಯಾಗಬಹುದು, ರಾಜಕೀಯದಲ್ಲಿ ಅದೇ ಭಕ್ತಿ ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಎಂಬ ಅರ್ಥದ ಮಾತು ಅದು. ಭಕ್ತಸಮೂಹಕ್ಕೆ ಈ ಮಾತು ಕಹಿ. ಆದರೆ ಶರಣರ ಭಕ್ತಿ ಎಂಥದು? ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಗಂಡನೆಂದು ಬಿಡಲಿಲ್ಲ, ಹೆಚ್ಚಿನದನ್ನು ಸುರಿದು ಬಾ ಎಂದರು. ಪ್ರಶ್ನೆ ಕೇಳುವ ಆ ಭಕ್ತಿಯನ್ನು ಬಾಬಾಸಾಹೇಬರ ಎಚ್ಚರಿಕೆ ತಟ್ಟುವುದಿಲ್ಲ. ತಟ್ಟುವುದು ನಮ್ಮ ಇವತ್ತಿನ ಊದುಬತ್ತಿ ಭಕ್ತಿಗೆ.

'ಅನುಭವ ಮಂಟಪ ಜಗತ್ತಿನ ಮೊದಲ ಸಂಸತ್ತು.' ಈ ವಾಕ್ಯವಿಲ್ಲದ ಬಸವ ಜಯಂತಿ ಭಾಷಣ ಯಾರಾದರೂ ಕೇಳಿದ್ದೀರಾ? ನಾನಂತೂ ನೂರು ಸಲ ಹೇಳಿದ್ದೇನೆ. ಈಗ ಹೇಳುವುದು ಬಿಟ್ಟಿದ್ದೇನೆ. ಸಂಸತ್ತು ಹೌದೋ ಅಲ್ಲವೋ ವಿದ್ವಾಂಸರು ವಾದಿಸಲಿ. ಅಲ್ಲಿ ಚುನಾವಣೆ ಇರಲಿಲ್ಲ, ಕಾಯ್ದೆ ಪಾಸು ಮಾಡುತ್ತಿರಲಿಲ್ಲ. ಆದರೆ ಯಾರು ಮಾತಾಡಿದರು ಎಂಬುದರಲ್ಲಿ ಅನುಮಾನವಿಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದರ ಕೇತಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ. ಹೆಸರಿನ ಮುಂದೆ ಪದವಿಯಿಲ್ಲ, ಕಾಯಕವಿದೆ. ಹಗ್ಗದ ಮಾತು ಬಂದಾಗ ಹಗ್ಗ ಹೊಸೆಯುವವನೇ ಎದ್ದು ನಿಂತು ಮಾತಾಡುವ ಸಭೆ ಅದು. ನಮ್ಮ ಸ್ಪರ್ಧೆಯಲ್ಲಿ ಹೂವಿನ ಮಾತು ಬಂತು. ಹೂಗಾರ ಮಾದಯ್ಯನವರ ಜಯಂತಿಗೆ ಹಾರ ಹಾಕುವ ನಾವು ಹೂವು ಮಾರುವವಳ ಮಗಳನ್ನು 'ವೈಯಕ್ತಿಕ' ಎಂದು ಕೂರಿಸಿದೆವು. ಅದು ಯಾವ ಮಂಟಪ?

ಇಷ್ಟು ಬೈದುಕೊಂಡ ಮೇಲೆ ಮಾಡಿದ್ದೇನು ಎಂದು ನೀವು ಕೇಳುತ್ತೀರಿ. 2025ರಲ್ಲಿ ಅದೇ ಸಂಸ್ಥೆ ಮತ್ತೆ ಕರೆದಾಗ ನಾನು ಒಂದು ಷರತ್ತು ಹಾಕಿದೆ. ಭಾಗವಹಿಸುವ ಪ್ರತಿ ಮಗು ಮೊದಲು ನಾಲ್ಕು ಶನಿವಾರ ರಸೆಲ್ ಮಾರುಕಟ್ಟೆಗೆ ಬರಬೇಕು, ಆಮೇಲೆಯೇ ವೇದಿಕೆ. ಆಡಳಿತ ಮಂಡಳಿಯವರಿಗೆ ಇಷ್ಟವಾಗಲಿಲ್ಲ. ಸೇವಾವಧಿಯ ಹಳೆಯ ಗೌರವಕ್ಕೆ ಒಪ್ಪಿದರು. ಹೂವು ಮಾರುವವರ ಮಗಳೂ ಬಂದಳು. ಈಗ ಒಂಬತ್ತನೇ ತರಗತಿ. ನನ್ನನ್ನು ಕಂಡು ನಮಸ್ಕಾರ ಮಾಡಿದಳು. ಐದು ಅಂಕದ ವಿಷಯ ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಹೇಳಿದೆ. "ಪರವಾಗಿಲ್ಲ ಸರ್, ಸಮಾಧಾನಕರ ಬಹುಮಾನ ಬಂತಲ್ಲ" ಎಂದಳು. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು.

ಶಿವಾಜಿನಗರ ಬಸ್ ನಿಲ್ದಾಣದ ಹತ್ತಿರ, ಸಂತ ಮೇರಿ ಬೆಸಿಲಿಕಾದ ಸಮೀಪ ಇರುವ ಆ ಕಮಾನುಗಳ ಕಟ್ಟಡವನ್ನು ಹೆಚ್ಚಿನವರು ನೋಡಿರುತ್ತೀರಿ. 1927ರಲ್ಲಿ ಬ್ರಿಟಿಷರು ಕಟ್ಟಿಸಿದ್ದು, ಹೆಸರು ಆಗಿನ ಪುರಸಭಾ ಆಯುಕ್ತ ಟಿ. ಬಿ. ರಸೆಲ್ ಅವರದು. ಆಗ ಈ ದಂಡು ಪ್ರದೇಶ ಮೈಸೂರು ಮಹಾರಾಜರದ್ದಲ್ಲ. ಕೆ.ಆರ್. ಮಾರುಕಟ್ಟೆ ಕಡೆಯ ಪೇಟೆಗೊಂದು ಪುರಸಭೆ, ಈ ಕಡೆಗೊಂದು. 1949ರಲ್ಲಿ ಎರಡನ್ನೂ ಸೇರಿಸಿ ಒಂದು ಮಹಾನಗರ ಪಾಲಿಕೆ ಮಾಡಿದರು. ನಮ್ಮ ತಂದೆ ಕೊನೆವರೆಗೂ "ಸಿಟಿಗೆ ಹೋಗಿ ಬರ್ತೀನಿ" ಎಂದೇ ಹೇಳುತ್ತಿದ್ದರು, ಹಲಸೂರು ಸಿಟಿಯಲ್ಲಿ ಇಲ್ಲವೇನೋ ಎಂಬಂತೆ. 2012ರ ಫೆಬ್ರವರಿಯ ಬೆಂಕಿಯಲ್ಲಿ ಒಳಗಿನ ನೂರಕ್ಕೂ ಹೆಚ್ಚು ಅಂಗಡಿಗಳು ಸುಟ್ಟವು. ವ್ಯಾಪಾರಿಗಳು ಮತ್ತೆ ಎದ್ದರು. ಹಣ್ಣು, ತರಕಾರಿ, ಹೂವು, ಮೀನು, ಮಾಂಸ. ದಖನಿ, ತಮಿಳು, ಕನ್ನಡ. ಅಲ್ಲಿಗೆ ಹೋಗುವುದು ನಮ್ಮ ಕೆಲವು ಪೋಷಕರಿಗೆ ಸರಿಬರಲಿಲ್ಲ. "ಮಾಂಸದ ಅಂಗಡಿ ಮುಂದೆ ಮಕ್ಕಳನ್ನ ಕರ್ಕೊಂಡು ಹೋಗ್ತೀರಾ ಸ್ವಾಮಿ?" ಎಂದು ಒಬ್ಬರು ಫೋನು ಮಾಡಿದರು. ಹರಳಯ್ಯನವರ ಚಮ್ಮಾವುಗೆಯ ಕಥೆಯನ್ನು ಆ ಮಗುವಿಗೆ ಹೇಳಿಕೊಟ್ಟವರೂ ಅವರೇ.

ಮೊದಲ ಶನಿವಾರ ಮಕ್ಕಳ ಕೈಗೆ ಅಳತೆ ಟೇಪು ಕೊಟ್ಟೆ. ಪಾದಚಾರಿ ಮಾರ್ಗದಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಜಾಗ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ. ಮಕ್ಕಳು ಅಳೆದರು, ನಕ್ಷೆ ಬರೆದರು. ಹಿಂದಿನ ವರ್ಷ ಗೆದ್ದ ತಂಡದ ಹುಡುಗನೇ ಬಂದು ಹೇಳಿದ: "ಸರ್, ಪುದೀನ ಅಜ್ಜಿ ಕೂತಿರೋದಕ್ಕಿಂತ ಜಾಸ್ತಿ ಜಾಗ ಈ ಬೈಕುಗಳು ತಿಂದಿವೆ. ಆ ಟ್ರಾನ್ಸ್‌ಫಾರ್ಮರೂ ಮಧ್ಯದಲ್ಲೇ ಇದೆ. ಅದನ್ನ ಯಾರು ತೆರವು ಮಾಡ್ತಾರೆ?" ಆ ಹುಡುಗನ ಮೇಲೆ ನನಗೆ ಹಿಂದಿನ ವರ್ಷ ಹುಟ್ಟದ ಗೌರವ ಅಂದು ಹುಟ್ಟಿತು.

ಇನ್ನೊಂದು ಪಕ್ಷವನ್ನೂ ಹೇಳಬೇಕು. ಅದೇ ದಾರಿಯಲ್ಲಿ ಬಿಳಿ ಕೋಲು ಹಿಡಿದ ಒಬ್ಬರು ಬಸ್ಸಿಳಿದು ಬಂದರು. ತಳ್ಳುಗಾಡಿಗೆ ತಾಗಿ, ರಸ್ತೆಗಿಳಿದು, ಆಟೋದವನ ಬೈಗುಳ ತಿಂದು ಮುಂದೆ ಹೋದರು. ಮಕ್ಕಳು ಮಾತು ನಿಲ್ಲಿಸಿ ನೋಡಿದರು. ಹೂವಿನವರ ಮಗಳೂ ನೋಡಿದಳು. ವ್ಯಾಪಾರಿಯ ಹಕ್ಕಿನಷ್ಟೇ ನಡೆಯುವವನ ಹಕ್ಕೂ ಹಕ್ಕು. ಎರಡು ಹಕ್ಕುಗಳು ಆರಡಿ ಅಗಲದ ಜಾಗಕ್ಕೆ ಬಡಿದಾಡುವಾಗ ಏನು ಮಾಡುವುದು ಎಂಬ ಪ್ರಶ್ನೆಗೆ ಪೌರನೀತಿ ಎಂದು ಹೆಸರು. ಅದನ್ನು ಮೂವತ್ತೊಂದು ವರ್ಷ ಕಪ್ಪು ಹಲಗೆಯ ಮೇಲೆ ನಾನು ಕಲಿಸಿರಲಿಲ್ಲ. ಹಕ್ಕುಗಳು ಆರು, ಕರ್ತವ್ಯಗಳು ಹನ್ನೊಂದು ಎಂದು ಎಣಿಸುವುದು ಕಲಿಸಿದ್ದೆ.

ಎರಡನೆಯ ಶನಿವಾರ ವ್ಯಾಪಾರಿಗಳನ್ನು ಮಾತಾಡಿಸಿದರು. ಪುದೀನ ಕೊತ್ತಂಬರಿ ಮಾರುವ ಅಜ್ಜಿ ಬೆಳಿಗ್ಗೆ ಒಂಬೈನೂರು ರೂಪಾಯಿ ಸಾಲ ತಂದು ಸಂಜೆ ಸಾವಿರ ಕೊಡುತ್ತಾರೆ. ಬೀದಿ ವ್ಯಾಪಾರಿಗಳಿಗೆ ಮೊದಲ ಕಂತು ಹತ್ತು ಸಾವಿರ ರೂಪಾಯಿ ಬ್ಯಾಂಕ್ ಸಾಲ ಕೊಡಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2020ರಲ್ಲೇ ತಂದಿತ್ತು. ಅಜ್ಜಿಗೆ ಗೊತ್ತಿಲ್ಲ. ಗೊತ್ತಾದ ಮೇಲೆ "ಕಾಗದ ಕೇಳ್ತಾರಲ್ಲಪ್ಪಾ, ನನ್ನ ಹತ್ರ ಏನಿದೆ, ಈ ಗೋಣಿಚೀಲ" ಎಂದರು. ದಿನಾ ಯಾರಿಗೋ ಒಂದಿಷ್ಟು ಕೊಡಬೇಕು ಎಂದೂ ಹೇಳಿದರು. ಯಾರಿಗೆ ಎಂದು ಮಕ್ಕಳು ಕೇಳಿದ್ದಕ್ಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರು ಹೇಳದೆ ಬಿಟ್ಟದ್ದನ್ನೂ ಬರೆದುಕೊಳ್ಳಿ ಎಂದೆ. ಒಬ್ಬ ಹುಡುಗ 'ಹೇಳಲಿಲ್ಲ' ಎಂದು ಬರೆದು ಕೆಳಗೆ ಗೆರೆ ಎಳೆದ.

ಮೂರನೆಯ ಶನಿವಾರ, ಇದನ್ನೆಲ್ಲ ಯಾರಿಗೆ ಹೇಳಬೇಕು ಎಂಬ ಮಾತು ಬಂತು. ನಾನು ಹಳೆಯ ಅಭ್ಯಾಸದಲ್ಲಿ "ನಿಮ್ಮ ವಾರ್ಡಿನ ಕಾರ್ಪೊರೇಟರಿಗೆ" ಎಂದೆ. ಹೂವಿನವರ ಮಗಳು "ಹಾಗಂದ್ರೆ ಯಾರು ಸರ್?" ಎಂದಳು. ತಮಾಷೆಗಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ಆದದ್ದು 2015ರ ಆಗಸ್ಟ್‌ನಲ್ಲಿ. ಆ ಸಭೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ರಂದು. ಅಂದಿನಿಂದ ಐದು ವರ್ಷ ತುಂಬುವವರೆಗೆ ಈ ಊರಿಗೆ ಆಡಳಿತಾಧಿಕಾರಿಗಳಿದ್ದರು, ಜನ ಆರಿಸಿದ ಒಬ್ಬ ಸದಸ್ಯನೂ ಇರಲಿಲ್ಲ. ಒಂದು ಸಭೆಯ ಪೂರ್ತಿ ಅವಧಿಯೇ ಸಭೆಯಿಲ್ಲದೆ ಕಳೆಯಿತು. ಅವಧಿ ಮುಗಿದಾಗ ಆ ಹುಡುಗಿ ನಾಲ್ಕನೇ ತರಗತಿ. ತಿಳಿವಳಿಕೆ ಬಂದಾಗಿನಿಂದ ಅವಳು ಕಾರ್ಪೊರೇಟರ್ ಎಂಬ ಪ್ರಾಣಿಯನ್ನೇ ನೋಡಿಲ್ಲ.

ಈಗ ಸಂವಿಧಾನ ತೆಗೆಯಿರಿ. 1993ರ ಜೂನ್ 1ರಿಂದ ಜಾರಿಯಲ್ಲಿರುವ 74ನೇ ತಿದ್ದುಪಡಿ, ವಿಧಿ 243ಯು: ನಗರಸಭೆಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. ಇದರಲ್ಲಿ ವ್ಯಾಖ್ಯಾನಕ್ಕೆ ಎಡೆಯೆಲ್ಲಿದೆ? 2024ರ ಗ್ರೇಟರ್ ಬೆಂಗಳೂರು ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂತು, ಸೆಪ್ಟೆಂಬರ್ 2ರಿಂದ ಒಂದು ಪಾಲಿಕೆ ಹೋಗಿ ಐದಾದವು. ಶಿವಾಜಿನಗರ ಕೇಂದ್ರ ಪಾಲಿಕೆಗೆ ಬಂತು, ಕೆ.ಆರ್. ಪುರ ಪೂರ್ವ ಪಾಲಿಕೆಗೆ. ಫಲಕಗಳು ಬದಲಾದವು, ಕುರ್ಚಿಗಳು ಖಾಲಿಯೇ ಉಳಿದವು. ಒಂದೇ ಪಕ್ಷವನ್ನು ಇದಕ್ಕೆ ದೂರುವವರ ಜೊತೆ ನಾನಿಲ್ಲ. ಆ ಐದು ವರ್ಷದಲ್ಲಿ ವಿಧಾನಸೌಧದಲ್ಲಿ ಆಡಳಿತ ಪಕ್ಷಗಳು ಬದಲಾದವು, ಈ ವಿಷಯ ಬದಲಾಗಲಿಲ್ಲ. ಬೆಳಿಗ್ಗೆ ಮಕ್ಕಳಿಂದ ಪೀಠಿಕೆ ಓದಿಸಿ, ಅದೇ ಪುಸ್ತಕದ 243ನೇ ವಿಧಿಯನ್ನು ಮಡಿಸಿಡುವ ಸರ್ಕಾರಗಳಿಗೆ ಕಂಠಪಾಠ ಸ್ಪರ್ಧೆ ಬಹಳ ಅನುಕೂಲ. ಕಂಠಪಾಠ ಮಾಡಿದ ಮಗು ಪ್ರಶ್ನೆ ಕೇಳುವುದಿಲ್ಲ. ಆದ್ದರಿಂದಲೇ ನಾವು ಅದನ್ನು ನಿಲ್ಲಿಸಬೇಕು.

ಬೇರೆ ದಾರಿ ಇಲ್ಲವೇ ಎಂದರೆ ಇದೆ, ನಾನು ಹೊಸದೇನನ್ನೂ ಹುಟ್ಟಿಸುತ್ತಿಲ್ಲ. ನಮ್ಮ ರಾಜ್ಯದ ಸಂಸದೀಯ ವ್ಯವಹಾರಗಳ ಇಲಾಖೆ ಯುವ ಸಂಸತ್ ಸ್ಪರ್ಧೆ ನಡೆಸುತ್ತದೆ. ಅದರಲ್ಲಿ ಮಕ್ಕಳು ಸಭಾಧ್ಯಕ್ಷ, ಮಂತ್ರಿ, ವಿರೋಧ ಪಕ್ಷದ ನಾಯಕರಾಗಿ ವಾದಿಸುತ್ತಾರೆ. ಅಭಿನಯ ಹೆಚ್ಚು, ನಿಜ, ಆದರೂ ಎದುರಾಳಿಯ ಮಾತು ಕೇಳಿ ಉತ್ತರ ಕೊಡುವುದನ್ನಾದರೂ ಕಲಿಯುತ್ತಾರೆ. ಬೆಂಗಳೂರಿನಲ್ಲೇ ಹುಟ್ಟಿದ ಜನಾಗ್ರಹ ಸಂಸ್ಥೆಯ 'ಬಾಲ ಜನಾಗ್ರಹ' ಮಕ್ಕಳನ್ನು ತಮ್ಮ ಬಡಾವಣೆಯ ಕಸ, ನೀರು, ರಸ್ತೆಯ ಕೆಲಸಕ್ಕೇ ಇಳಿಸಿತು. ನಮ್ಮ ಹಳ್ಳಿಗಳಲ್ಲಿ ಮಕ್ಕಳ ಗ್ರಾಮಸಭೆಯಿದೆ. ಪಂಚಾಯಿತಿಯವರು ಬಂದು ಕೂತು ಮಕ್ಕಳ ದೂರಿಗೆ ಉತ್ತರ ಕೊಡಬೇಕು. ಶೌಚಾಲಯಕ್ಕೆ ಬಾಗಿಲಿಲ್ಲ, ಬಸ್ಸು ನಿಲ್ಲಿಸುವುದಿಲ್ಲ ಎಂದು ಮಕ್ಕಳು ಎದ್ದು ನಿಂತು ಹೇಳುವುದನ್ನು ಕಂಡವರು ಬಲ್ಲರು. ಹಳ್ಳಿಯ ಮಗುವಿಗೆ ಸಿಕ್ಕ ಈ ಮರ್ಯಾದೆ ಶಿವಾಜಿನಗರದ ಮಗುವಿಗೆ ಯಾವ ಸಭೆಯಲ್ಲಿ ಸಿಗುತ್ತದೆ? ಅಮೆರಿಕದಲ್ಲಿ 1987ರಿಂದ ಶಾಲಾ ಮಕ್ಕಳಿಗೆ ಸಂವಿಧಾನ ಸ್ಪರ್ಧೆಯೊಂದು ನಡೆಯುತ್ತಿದೆ. ಅಲ್ಲಿ ಭಾಷಣ ಒಪ್ಪಿಸಿ ಇಳಿದುಹೋಗುವಂತಿಲ್ಲ, ತೀರ್ಪುಗಾರರು ಕೇಳುವ ಮರುಪ್ರಶ್ನೆಗಳಿಗೆ ಅಲ್ಲೇ ನಿಂತು ಉತ್ತರಿಸಬೇಕು. ನಮ್ಮಲ್ಲಿ ತೀರ್ಪುಗಾರ ಪ್ರಶ್ನೆ ಕೇಳಿದರೆ ಪೋಷಕರು ಜಗಳಕ್ಕೆ ಬರುತ್ತಾರೆ.

ಆಕ್ಷೇಪಣೆಗಳು ಬಂದಿವೆ. ಮಠದ ಶಾಲೆಯಲ್ಲಿ ರಾಜಕೀಯ ಏಕೆ ಎಂದು ಹಿರಿಯರೊಬ್ಬರು ಪತ್ರ ಬರೆದರು. ನಮ್ಮ ವೇದಿಕೆಗಳಲ್ಲಿ ಚುನಾವಣೆಗೆ ಮೂರು ತಿಂಗಳಿರುವಾಗ ಯಾರು ಯಾರು ಹಾರ ಹಾಕಿಸಿಕೊಳ್ಳುತ್ತಾರೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ದೊಡ್ಡವರ ರಾಜಕೀಯಕ್ಕೆ ಜಾಗವಿದೆ, ಮಕ್ಕಳ ಪೌರನೀತಿಗೆ ಇಲ್ಲವೆಂದರೆ ಒಪ್ಪಲಾರೆ. ಪರೀಕ್ಷೆಗೆ ಬರುವುದಿಲ್ಲ ಎಂಬುದು ಇನ್ನೊಂದು. ಬರುವುದಿಲ್ಲ, ನಿಜ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಾಲ್ಕು ಶನಿವಾರ ಕಳೆದುಕೊಂಡ ಮಕ್ಕಳು ಗಣಿತದಲ್ಲಿ ಎರಡು ಅಂಕ ಕಳೆದುಕೊಂಡಿರಲೂಬಹುದು.

ಕೊನೆಯದು ನಮ್ಮ ಮನೆಯೊಳಗಿನ ಮಾತು. ಅಕ್ಷರ ದಾಸೋಹದಲ್ಲಿ ನಮ್ಮ ಸಮಾಜ ಮಾಡಿದ್ದನ್ನು ಯಾರೂ ಸಣ್ಣದೆನ್ನಲಾರರು. 1910ರಲ್ಲಿ ವಿಜಯಪುರದ ಬಿಎಲ್‌ಡಿಇ, 1916ರಲ್ಲಿ ಬೆಳಗಾವಿಯ ಕೆಎಲ್‌ಇ, 1954ರಲ್ಲಿ ಸುತ್ತೂರಿನ ಜೆಎಸ್‌ಎಸ್. ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಅನ್ನ, ಅಕ್ಷರ. ಲಕ್ಷಾಂತರ ಮಕ್ಕಳು ನಮ್ಮ ಶಾಲೆ, ಪ್ರಸಾದ ನಿಲಯಗಳಲ್ಲಿ ಕಲಿತಿದ್ದಾರೆ. ಅದಕ್ಕೇ ಕೇಳುತ್ತೇನೆ, ಇಷ್ಟೊಂದು ಮಕ್ಕಳು ಕೈಯಲ್ಲಿರುವಾಗ ಅವರಿಗೆ ಏನು ಅಭ್ಯಾಸ ಮಾಡಿಸುತ್ತಿದ್ದೇವೆ? ಎಷ್ಟು ಪ್ರಸಾದ ನಿಲಯಗಳಲ್ಲಿ ಅಡುಗೆಯ ಲೆಕ್ಕ ಮಕ್ಕಳ ಸಮಿತಿಯ ಮುಂದೆ ಬರುತ್ತದೆ? ಎಷ್ಟು ಆಡಳಿತ ಮಂಡಳಿಗಳಲ್ಲಿ ಕಸ ಗುಡಿಸುವ ಕಾಯಕದವರು ಒಬ್ಬರಾದರೂ ಇದ್ದಾರೆ? ಸತ್ಯಕ್ಕನವರ ಕಾಯಕ ಅದೇ ಆಗಿತ್ತಲ್ಲ. ಕಾರ್ಪೊರೇಟರ್ ಇಲ್ಲದ ಊರನ್ನು ಬೈಯುವ ನಾವು, ಚುನಾವಣೆಯನ್ನೇ ಕಾಣದ ಸಮಿತಿಗಳಲ್ಲಿ ಎಷ್ಟು ವರ್ಷದಿಂದ ಕೂತಿದ್ದೇವೆ? ನಾನೇ ಒಂದರಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ನನ್ನನ್ನು ಯಾರೂ ಆರಿಸಿಲ್ಲ. ಬರುವ ಯುಗಾದಿಯೊಳಗೆ ಬಿಡುತ್ತೇನೆಂದು ಅಧ್ಯಕ್ಷರಿಗೆ ಬರೆದುಕೊಟ್ಟಿದ್ದೇನೆ, ಆ ಜಾಗಕ್ಕೆ ಹಳೆಯ ವಿದ್ಯಾರ್ಥಿಗಳಿಂದ ಚುನಾವಣೆ ನಡೆಸಿ ಎಂದೂ ಕೇಳಿದ್ದೇನೆ. ಉತ್ತರ ಬಂದಿಲ್ಲ.

ಪೂಜ್ಯರಲ್ಲಿ, ಶಾಲೆಗಳ ಆಡಳಿತ ಮಂಡಳಿಗಳಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಪೀಠಿಕೆಯ ಕಂಠಪಾಠ ಸ್ಪರ್ಧೆ ನಿಲ್ಲಿಸಿ. ಬೇಕಿದ್ದರೆ ಎಲ್ಲರೂ ಕೂಡಿ ಓದಿ, ಅದಕ್ಕೆ ಬಹುಮಾನ ಬೇಡ. ನೀತಿ ಮಂಡನೆ ಇಟ್ಟರೆ ಆ ನೀತಿ ಯಾರ ಬದುಕನ್ನು ತಟ್ಟುತ್ತದೋ ಅವರನ್ನು ಕಂಡು ಬಂದ ಮಕ್ಕಳಿಗೆ ಮಾತ್ರ ವೇದಿಕೆ ಕೊಡಿ. ಗೆದ್ದ ಮಂಡನೆ ಕಪಾಟಿಗೆ ಹೋಗದೆ ಅರ್ಜಿಯಾಗಿ ಸಂಬಂಧಪಟ್ಟ ಕಚೇರಿಗೆ ಹೋಗಲಿ, ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಶಾಲೆಯ ಫಲಕಕ್ಕೆ ಅಂಟಿಸಿ. ಮೂರು ತೀರ್ಪುಗಾರರಲ್ಲಿ ಒಬ್ಬರು ಆ ಕಾಯಕದವರೇ ಇರಲಿ.

ಈ ಕೊನೆಯ ಮಾತನ್ನು ನಮ್ಮ ಸಂಸ್ಥೆ ಒಪ್ಪಿದೆ, ಅರೆಮನಸ್ಸಿನಿಂದ. ಮಕ್ಕಳು ಮಾರುಕಟ್ಟೆಯ ನಕ್ಷೆ, ಅಳತೆ, ಹಗಲಿನ ಹೊತ್ತಿಗೆ ಬೈಕು ನಿಲುಗಡೆ ಬೇರೆಡೆ ಮಾಡುವ ಸಲಹೆ, ವ್ಯಾಪಾರ ಸಮಿತಿಯ ಸದಸ್ಯರ ಪಟ್ಟಿ ಕೊಡಿ ಎಂಬ ಮನವಿ, ಇಷ್ಟನ್ನೂ ಸೇರಿಸಿ ಅರ್ಜಿ ಬರೆದಿದ್ದಾರೆ. ಬೆಂಚುಗಳ ನಡುವೆ ಹಗ್ಗ ಕಟ್ಟಿ ಬಿಳಿ ಕೋಲಿನವರ ದಾರಿಯನ್ನೂ ಅಳೆದು ನೋಡಿದ್ದಾರೆ. ತೀರ್ಪುಗಾರರಾಗಿ ಬನ್ನಿ ಎಂದು ಹೂವಿನವರ ಮಗಳು ಅಮ್ಮನನ್ನು ಕೇಳಲು ಒಪ್ಪಲಿಲ್ಲ, "ಅಮ್ಮ ಆದ್ರೆ ನನಗೇ ಅಂಕ ಕೊಟ್ರು ಅಂತಾರೆ ಸರ್" ಎಂದಳು. ಸರಿಯೆನಿಸಿತು. ಪುದೀನ ಅಜ್ಜಿಯನ್ನು ಕೇಳಿದೆವು. ಬೆಳಿಗ್ಗೆ ಆಗುವುದಿಲ್ಲ, ಸೊಪ್ಪು ಖಾಲಿಯಾಗಬೇಕು, ಎರಡು ಗಂಟೆ ಮೇಲಾದರೆ ಬರುತ್ತೇನೆ, ಆದರೆ ಆ ದಿನದ ಬಡ್ಡಿ ಯಾರು ಕೊಡುತ್ತಾರೆ ಎಂದರು. ಮುಖ್ಯ ಅತಿಥಿಗಳ ಶಾಲು, ಹಣ್ಣಿನ ಬುಟ್ಟಿಯ ಲೆಕ್ಕದಲ್ಲಿ ಆ ನೂರು ರೂಪಾಯಿ ಹೊಂದಿಸಿದ್ದೇವೆ. ಸ್ಪರ್ಧೆ ಮೂರು ಗಂಟೆಗೆ.